ಅಕ್ಕನಿಗೆ ಸಾರಿನ ಪುಡಿ ಕೊಡದ ಬೇಸಿಗೆ

ನನಗೂ ಶುಗರ್, ಅಕ್ಕನಿಗೂ ಶುಗರ್. ಪ್ರತಿ ಬೇಸಿಗೆಯಲ್ಲಿ ಎರಡೂ ಮನೆಗೆ ಸಾರಿನ ಪುಡಿ ಮಾಡುವವಳು ನಾನು. ರಾಮನಗರದ ನಮ್ಮ ಮನೆಯಲ್ಲಿ ಕೊತ್ತಂಬರಿ ಬೀಜ, ಮೆಣಸಿನಕಾಯಿ ಹುರಿದು, ಮಿಲ್ಲಿಗೆ ಹಾಕಿಸಿ, ಅಕ್ಕ ಗುಡೇಮಾರನಹಳ್ಳಿಯಿಂದ ತರುವ ಸ್ಟೀಲ್ ಡಬ್ಬಿ ತುಂಬಿ ಕಳಿಸುತ್ತಿದ್ದೆ. ಎರಡು ವರ್ಷದ ಹಿಂದೆ ಮೆಂತ್ಯವನ್ನು ದುಪ್ಪಟ್ಟು ಮಾಡಿ ಚಕ್ಕೆಯನ್ನೂ ಸೇರಿಸಿದೆ. "ಶುಗರ್‌ಗೆ ಒಳ್ಳೇದು ಕಣಕ್ಕ" ಎಂದು ದೊಡ್ಡ ಪಂಡಿತೆಯ ಹಾಗೆ ಹೇಳಿದವಳೂ ನಾನೇ. ಸಾರು ಒಂದಿಷ್ಟು ಕಹಿಯಾಯಿತು, ಇಬ್ಬರೂ ಉಂಡೆವು.

ಅಕ್ಕ ನನ್ನ ಮಾತನ್ನು ಎಷ್ಟು ನಂಬಿದಳೆಂದರೆ, ನನಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟಳು. ಹೋದ ವರ್ಷ ರೇಷ್ಮೆ ತೋಟದಲ್ಲಿ ಕೊಯ್ದ ಹಿಪ್ಪುನೇರಳೆ ಕಡ್ಡಿಯ ಕೂಳೆ ಚುಚ್ಚಿ ಕಾಲಿಗೆ ಗಾಯವಾಯಿತು. ವಾರಗಟ್ಟಲೆ ಮಾಯಲಿಲ್ಲ, ಕೀವು ತುಂಬಿತು. ಆಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆದರು. "ಮೆಂತ್ಯ ಒಂಚೂರು ಸಹಾಯ ಮಾಡಬಹುದಮ್ಮ, ಮಾತ್ರೆ ಬಿಡೋಷ್ಟಲ್ಲ. ಇನ್ನೊಂದ್ಸಲ ಬಿಟ್ರೆ ಕಾಲೇ ಹೋಗುತ್ತೆ" ಎಂದರು ಡಾಕ್ಟರು. ನನ್ನ ಬಾಯಿಯ ಮೇಲೆ ನನಗೇ ಅಸಹ್ಯವಾಯಿತು.

ಈ ಬೇಸಿಗೆ ಅಕ್ಕ ಮತ್ತೆ ಡಬ್ಬಿ ಹಿಡಿದು ಬಂದಳು.

"ಈ ಸಲ ಮೆಂತ್ಯ ಇನ್ನೊಸಿ ಜಾಸ್ತಿ ಹಾಕೇ. ಗಾಯ ಮಾಯ್ತಲ್ಲ, ಮಾತ್ರೆ ಬುಟ್ಬುಟ್ಟೆ."

"ಪುಡಿ ಇಲ್ಲ."

"ಯಾಕೇ?"

"ಮೊದ್ಲು ಮಾತ್ರೆ ನುಂಗು. ಇಲ್ದಿದ್ರೆ ನನ್ ಮನೇಲಿ ನಿಂಗೆ ಚಿಟಿಕೆ ಪುಡೀನೂ ಇಲ್ಲ."

ನಮ್ಮ ಕಡೆ ಬಂದ ಡಬ್ಬಿಯನ್ನು ಬರಿದಾಗಿ ಕಳಿಸಿದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ನಾನು ಬರಿದಾಗಿ ಕಳಿಸಲಿಲ್ಲ. ಮೆಡಿಕಲ್ ಸ್ಟೋರಿಗೆ ಹೋಗಿ ಅವಳ ಆಸ್ಪತ್ರೆ ಚೀಟಿಯಲ್ಲಿದ್ದ ಮಾತ್ರೆ ತಂದು ತುಂಬಿದೆ. ಅಕ್ಕ ಅಳುತ್ತಲೇ ಬಸ್ಸು ಹತ್ತಿದಳು.

ಸಂಜೆ ಭಾವನ ಫೋನು. "ಏನವ್ವಾ, ಒಡಹುಟ್ದೋಳ್ಗೆ ಒಂದಿಡಿ ಪುಡಿ ಕೊಡಕ್ಕಾಗ್ದಷ್ಟು ಕೊಬ್ಬಾ?"

"ಹೂಂ ಭಾವ, ಕೊಬ್ಬೇ. ಊರಿಗೆಲ್ಲಾ ಹೇಳ್ಕೊಳ್ಳಿ. ಆದ್ರೆ ದಿನಾ ಅವ್ಳು ಮಾತ್ರೆ ನುಂಗೋದನ್ನ ನಿಂತ್ಕೊಂಡು ನೋಡಿ."

ನೆಂಟರೆಲ್ಲ ನನಗೆ ಸೊಕ್ಕು ಅನ್ನುತ್ತಾರೆ. ಅನ್ನಲಿ. ಮೆಂತ್ಯದ ಮೇಲೆ ನನಗೇನೂ ಸಿಟ್ಟಿಲ್ಲ, ನನ್ನ ಸಾರಿಗೆ ಈಗಲೂ ಅದೇ ಪುಡಿ. ಆದರೆ ಮಾತ್ರೆ ನುಂಗಿದ ಮೇಲೆಯೇ ಊಟ.

ಅಕ್ಕ ನನ್ನ ಮೇಲಿನ ಹಟಕ್ಕೇ ಮಾತ್ರೆ ನುಂಗುತ್ತಿದ್ದಾಳಂತೆ. ಮೊನ್ನೆ ಬಂದು, ಕರೆದರೂ ಒಳಗೆ ಬಾರದೆ, ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು. ನಾನು ಅವಳ ಪಾದಗಳನ್ನೇ ನೋಡುತ್ತಿದ್ದೆ. ಬೈಯಲಿ. ಎರಡು ಕಾಲಿನ ಮೇಲೆ ನಿಂತು ಎಷ್ಟು ಬೇಕಾದರೂ ಬೈಯಲಿ.