ದಾನವ್ವನ ಕಂಚಿನ ಮುಖ

ವೀರಬಸಪ್ಪ ಧಾರವಾಡದ ಕಡೆಯವನು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಎರಕ ಹೊಯ್ಯುವವನು. ರಜೆಯಲ್ಲಿ ಜನ ಸಿನಿಮಾಕ್ಕೆ ಹೋದರೆ ಈ ಪುಣ್ಯಾತ್ಮ ನಡೆಯದೇ ಹೋದ ಚರಿತ್ರೆಗೆ ಸಾಮಾನು ಮಾಡುತ್ತಿದ್ದ. ಕುಂಪಣಿಯವರು ಅವನ ಮುತ್ತಜ್ಜನ ಊರನ್ನು ಸುಟ್ಟಿದ್ದರು. ಅವರೇ ಸೋತು ಓಡಿದ್ದರೆ? ಆಗ ಊರವರು ಹೊಡೆಸುತ್ತಿದ್ದ ನಾಣ್ಯ, ಬಿಳಿಯ ದೊರೆ ಹೆಬ್ಬೆಟ್ಟೊತ್ತಿದ ತಾಮ್ರಶಾಸನ, ಎಲ್ಲವನ್ನೂ ಎರಕ ಹೊಯ್ದ.

೧೯೭೮ರಲ್ಲಿ ಹೆಂಡತಿ ದಾನವ್ವ ಕಾಮಾಲೆಯಿಂದ ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಮರೆತುಹೋಗುವ ಮುಂಚೆ ಹಿಡಿದಿಡಬೇಕೆಂದು ಅವನು ಮೊಣಕಾಲೆತ್ತರದ ಕಂಚಿನ ಹೆಣ್ಣೊಂದನ್ನು ಮಾಡಿದ. ಕುಂಪಣಿಯನ್ನು ಓಡಿಸಿದ ಗೌಡತಿ, ಕೈಯಲ್ಲಿ ಕುಡುಗೋಲು, ಕಾಲಡಿ ದೊರೆಯ ಟೋಪಿ. ಮುಖ ಮಾತ್ರ ದಾನವ್ವನದೇ, ಎಡಗೆನ್ನೆಯ ಸಿಡುಬಿನ ಕಲೆ ಸಮೇತ. ಪೀಠದ ಮೇಲೆ ‘೧೮೨೪ರ ಗೆಲುವಿಗೆ’ ಎಂದು ಕೆತ್ತಿದ.

ಹಳೆಯದಾಗಿ ಕಾಣಬೇಕಲ್ಲ! ಉಪ್ಪು, ಗಂಜಲ ಸವರಿ ಮಣ್ಣಲ್ಲಿ ಹೂತರೆ ಒಂದು ಮಳೆಗಾಲಕ್ಕೆ ಕಂಚು ಹಸಿರು ಹಿಡಿಯುತ್ತದೆ. ವಠಾರದ ಅಂಗಳ ಸಿಮೆಂಟಿನದು. ಹಾಗಾಗಿ ಊರಾಚೆಯ ಕೋಗಿಲು ಎಂಬ ಹಳ್ಳಿಗೆ ಹೋಗಿ ಮುನಿಶಾಮಪ್ಪನೆಂಬ ರೈತನ ಹೊಲದಲ್ಲಿ ಹೂತು ಬಂದ, ಅವನಿಗೊಂದು ಮಾತೂ ಹೇಳದೆ. ಹೇಳಿದ್ದರೆ ಏನು ಗಂಟು ಹೋಗುತ್ತಿತ್ತೋ!

ದೀಪಾವಳಿ ಕಳೆದು ಅಗೆಯಲು ಹೋದರೆ ಅಲ್ಲಿ ಚಪ್ಪರ, ತಮಟೆ. ನೇಗಿಲಿಗೆ ಸಿಕ್ಕ ದಾನವ್ವ ಅರಿಸಿನ ಕುಂಕುಮ ಮೆತ್ತಿಕೊಂಡು ಊರಿನ ಅಮ್ಮನಾಗಿ ಕೂತಿದ್ದಳು.

“ಇದು ನಾ ಮಾಡಿದ್ದರೀ. ನನ್ನ ಹೇಣ್ತಿ ಮುಖ ಐತಿ,” ಎಂದ ವೀರಬಸಪ್ಪ.

ಮುನಿಶಾಮಪ್ಪ ಕೆಟ್ಟವನಲ್ಲ, ಕೂರಿಸಿ ಮಜ್ಜಿಗೆ ಕೊಟ್ಟ. “ನೂರೈವತ್ತು ವರ್ಸದ್ದು ಅಂತ ಅಮ್ಮನ್ ಕಾಲ್ತಾವೇ ಬರ್ದೈತೆ. ಕೆನ್ನೆ ಮ್ಯಾಲೆ ಸಿಡುಬೈತೆ. ಇಂಗಿರೋವಾಗ ನೀವೆಂಗ್ ಮಾಡ್ತೀರಾ ಸ್ವಾಮಿ?”

ಮಾಡಿದ್ದುಣ್ಣೋ ಮಹಾರಾಯ! ತನ್ನ ಕೈಚಳಕಕ್ಕೆ ತಾನೇ ಸಿಕ್ಕಿಬಿದ್ದಿದ್ದ. ಪಾಪ, ಬದುವಿನ ಮೇಲೆ ಕೂತು ಅತ್ತೇ ಬಿಟ್ಟ. ಭಕ್ತಿ ಉಕ್ಕಿ ಅಳುತ್ತಾನೆ ಎಂದುಕೊಂಡರು ಜನ.

ಆಮೇಲೆ ಮಂಗಳವಾರ ಬಂದರೆ ಬಸ್ ಹತ್ತಿ ಅವಳನ್ನು ನೋಡಿ ಬರುತ್ತಿದ್ದ. ಅರಿಸಿನದ ಮೇಲೆ ಅರಿಸಿನ ಕೂತು ಕೆನ್ನೆಯ ಕಲೆ ಮುಚ್ಚಿತು. ೧೯೮೩ರಲ್ಲಿ ಮುನಿಶಾಮಪ್ಪ ಬೆಳ್ಳಿಯ ಮುಖವಾಡ ಮಾಡಿಸಿ ತೊಡಿಸಿದ. ಆ ದಿನ ಸಾಲಿನಲ್ಲಿ ನಿಂತ ವೀರಬಸಪ್ಪ ಕಣ್ಣುಮುಚ್ಚಿ ದಾನವ್ವನನ್ನು ನೆನೆಯಲು ನೋಡಿದ. ಅಲ್ಲೂ ಬೆಳ್ಳಿಯ ಮುಖವೇ ಬಂತು.

“ಯಾರ್ ಹೆಸರ್ಗೆ ಪೂಜೆ?” ಪೂಜಾರಿ ಕೇಳಿದ.

“ದಾನವ್ವ.”

“ಮನೇವ್ರಾ? ಬಂದವ್ರಾ?”

“ತೀರಿಕೊಂಡಾಳ್ರೀ.”

ಪೂಜಾರಿ ಹಣ್ಣುಕಾಯಿಯ ತಟ್ಟೆಯನ್ನು ಹಿಂದಕ್ಕೆ ಕೊಟ್ಟ. “ಸತ್ತೋರ್ ಹೆಸರ್ನ ಅಮ್ಮನ್ ಮುಂದೆ ಯೋಳ್ಬಾರ್ದು ಸ್ವಾಮಿ. ಬ್ಯಾರೆ ಯಾರಾದ್ರೂ ಅವ್ರಾ?”

ಯಾರೂ ಇಲ್ಲವೆಂದು ತಲೆಯಾಡಿಸಿ ವೀರಬಸಪ್ಪ ಹಿಂದಿದ್ದವರಿಗೆ ಜಾಗ ಬಿಟ್ಟ.