ಹಸಿರು ಮುಚ್ಚಳದ ಸೆಂಟು

ವೈನಿಯ ಬಲಗಿವಿಯ ಕೆಳಗೆ, ಕೊರಳ ಮೇಲೆ, ಹುಣಸೆಬೀಜದಷ್ಟು ಅಗಲದ ಒಂದು ಕಪ್ಪು ಕಲೆ ಇತ್ತು. ಹುಟ್ಟುಮಚ್ಚೆಯಲ್ಲ. ವರ್ಷಾನುಗಟ್ಟಲೆ ಅದೇ ಜಾಗಕ್ಕೆ ಅದೇ ಸೆಂಟು ಹಚ್ಚಿ ಹಚ್ಚಿ, ಅದರ ಮೇಲೆ ನಮ್ಮ ತಿಕೋಟಾದ ಬಿಸಿಲು ಬಿದ್ದು ಚರ್ಮ ಕಪ್ಪಾಗಿತ್ತು. ಎಡಗಿವಿಯ ಕೆಳಗೆ ಮಾತ್ರ ಏನೂ ಇರಲಿಲ್ಲ.

"ಎಡಗಡೆ ಯಾಕ ಹಚ್ಚೂದಿಲ್ರಿ ವೈನಿ?" ಎಂದು ಒಮ್ಮೆ ಕೇಳಿದ್ದೆ.

"ಅವರು ಕೂಡೂದು ನನ್ನ ಬಲಕ್ಕ. ಎಡಕ್ಕ ಗ್ವಾಡಿ ಐತಿ. ಗ್ವಾಡಿಗೆ ಸೆಂಟ ಹಚ್ಚಲೇನು?" ಎಂದಿದ್ದರು.

'ಅವರು' ಎಂದರೆ ವೈನಿಯ ಗಂಡ. ನಿವೃತ್ತ ಬಸ್ ಕಂಡಕ್ಟರ್. ನಮ್ಮದು ಒಂದೇ ಗೋಡೆಯ ಆಚೆ ಈಚೆ ಮನೆ. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಹಾಗಾಗಿ ಆಕೆ ವೈನಿ. ರಕ್ತಸಂಬಂಧವೇನೂ ಇಲ್ಲ. ಆದರೆ ನನ್ನಿಂದ ಕೆಲಸ ತೆಗೆಯುವುದರಲ್ಲಿ ಯಾವ ಸ್ವಂತ ವೈನಿಯೂ ಈಕೆಯ ಮುಂದೆ ನಿಲ್ಲಲಾರಳು. ನಾನು ದಿನಾ ಬಸ್ಸಿನಲ್ಲಿ ವಿಜಯಪುರದ ಒಂದು ಕಾಲೇಜಿನ ಲೈಬ್ರರಿಗೆ ಕೆಲಸಕ್ಕೆ ಹೋಗುತ್ತೇನೆ. ಪೇಟೆಗೆ ಹೋಗುವವಳು ಎಂದ ಮೇಲೆ ಓಣಿಯವರ ಪಾಲಿಗೆ ನಾನು ಸಂಬಳವಿಲ್ಲದ ಕೊರಿಯರ್. ವೈನಿಯ ಪಾಲಿಗಂತೂ ಅದಕ್ಕಿಂತ ಕಡೆ.

ವೈನಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಹೆಂಗಸರ ಮೇಲ್ವಿಚಾರಣೆ ಮಾಡುತ್ತಿದ್ದರು. ದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಅಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟುಕೊಂಡು, ಆ ಹೊಗೆಯ ವಾಸನೆ ಹೊತ್ತುಕೊಂಡು ಸಂಜೆ ಮನೆಗೆ ಬರುತ್ತಿದ್ದರು. "ಇದಕ್ಕ ಗಂಧಕ ಅಂತ ಹೆಸರ ಇಟ್ಟಾವನ್ನ ಒಂದ ದಿನಾ ನಮ್ಮ ಶೆಡ್ಡಿಗೆ ಕಳಿಸ್ರಿ. ಗಂಧ ಎಲ್ಲೈತಿ ತೋರಸ್ಲಿ" ಎಂದು ಬೈದುಕೊಳ್ಳುತ್ತಲೇ ಜಳಕ ಮಾಡಿ, ಕಿವಿಯ ಕೆಳಗೆ ಸೆಂಟು ಒತ್ತಿಕೊಂಡು ಕಟ್ಟೆಗೆ ಬರುತ್ತಿದ್ದರು. ಅಷ್ಟೊತ್ತಿಗೆ ಅಣ್ಣ ಅಲ್ಲಿ ಕೂತಿರುತ್ತಿದ್ದರು. ತಿರುಗಿ ಕೂಡ ನೋಡದೆ, "ಬಂದ್ಯೇನಬೇ?" ಎನ್ನುವರು. "ಬಂದ್ನಿರಿ" ಎಂದು ಈಕೆ ಗೋಡೆಯ ಕಡೆ ಕೂಡುವರು. ಆಮೇಲೆ ಇಬ್ಬರೂ ಊಟದ ಹೊತ್ತಿನತನಕ ಸುಮ್ಮನೆ ಕೂತಿರುತ್ತಿದ್ದರು. ಇಡೀ ಹಗಲು ಬಸ್ಸಿನಲ್ಲಿ ಕೂಗಿ ಕೂಗಿ ಅಣ್ಣನ ಮಾತು ಸರ್ವೀಸಿನಲ್ಲೇ ಮುಗಿದುಹೋಗಿದೆ ಎಂದು ನಾವು ನಗುತ್ತಿದ್ದೆವು.

ಆ ಸೆಂಟಿನ ಹೆಸರು ವೈನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದರ ಮೇಲಿನ ಚೀಟಿಯನ್ನು ಯಾರೂ ಓದಿದವರಲ್ಲ. ಅದು 'ಹಸರ ಮುಚ್ಚಳದ್ದು'. ಅಂಗಡಿಗೆ ಹೋಗಿ ಹಾಗೆಂದರೆ ಕೊಡುತ್ತಿದ್ದರು. ಒಂದು ದಿನ ಅಂಗಡಿಯವನು ಫೋನಿನಿಂದ ತಲೆಯೆತ್ತದೆ ಹೇಳಿದ: "ಅದು ಬಂದ್ ಆಗೇತ್ರಿ ಮೇಡಂ."

ಈ 'ಬಂದ್ ಆಗೇತಿ' ಎಂಬ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಕೆಟ್ಟ ಪದಾರ್ಥ ಯಾವುದಾದರೂ ಬಂದ್ ಆಗಿದ್ದನ್ನು ಯಾರಾದರೂ ನೋಡಿದ್ದೀರಾ? ಕಾಲು ಕಚ್ಚುವ ಚಪ್ಪಲಿ ಬಂದ್ ಆಗುವುದಿಲ್ಲ. ಬಣ್ಣ ಬಿಡುವ ಲಂಗ ಬಂದ್ ಆಗುವುದಿಲ್ಲ. ಒಬ್ಬ ಹೆಂಗಸು ಹರೆಯದಿಂದ ಹಚ್ಚಿಕೊಂಡು ಬಂದ, ಯಾರ ತಲೆಯನ್ನೂ ನೋಯಿಸದ ಒಂದು ಸೆಂಟು ಮಾತ್ರ ಬಂದ್ ಆಗುತ್ತದೆ.

ಬೇರೆ ದಾರಿಯಿಲ್ಲದೆ ನಾನೇ ಒಂದು ಹೊಸ ಬಾಟಲಿ ಆರಿಸಿ ತಂದೆ. ಮಲ್ಲಿಗೆಯದೋ ಮತ್ತೆಂಥದ್ದೋ ವಾಸನೆ. ಆ ಸಂಜೆ ನಾನು ನಮ್ಮ ಬಾಗಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ. ವೈನಿ ಹೊಸ ಸೆಂಟು ಹಚ್ಚಿಕೊಂಡು ಕಟ್ಟೆಗೆ ಬಂದರು. ಅಣ್ಣ ಲಗುಬಗೆಯಿಂದ ಪಂಚೆ ಸರಿ ಮಾಡಿಕೊಂಡು ಜಾಗ ಬಿಟ್ಟರು.

"ಬರ್ರಿ ಅಕ್ಕಾರ, ಕುಂದರ್ರಿ. ಆಕಿ ಜಳಕಕ್ಕ ಹೋಗ್ಯಾಳ, ಈಗ ಬರ್ತಾಳ."

ನನಗೆ ನಗು ಬಂತು. ಅಣ್ಣ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಶುಗರ್‌ನಿಂದ ಅವರ ಕಣ್ಣು ಮಂಜಾಗಿದ್ದು ಓಣಿಗೆಲ್ಲ ಗೊತ್ತಿತ್ತು, ಆದರೆ ಆಳು ಬಂದದ್ದು ಹೋದದ್ದು ಕಾಣುತ್ತದೆ ಎಂದು ಅವರೇ ಹೇಳುತ್ತಿದ್ದರು. ವೈನಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಣ್ಣ ತಗ್ಗಿದ ದನಿಯಲ್ಲಿ ಮಾತು ಮುಂದುವರಿಸಿದರು.

"ಆಕಿ ಮುಂದ ಅನ್ನಬ್ಯಾಡ್ರಿ ಮತ್ತ. ನನಗ ಕಣ್ಣ ಪೂರಾ ಹೋಗ್ಯಾವ್ರಿ. ಸಂಕ್ರಾಂತಿಯಿಂದ ಏನೇನೂ ಕಾಣೂದಿಲ್ಲ. ಆಕಿಗೆ ಹೇಳಿಲ್ಲ. ಅಂಜತಾಳ."

ವೈನಿ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅಣ್ಣನಿಗೆ "ಹ್ಞೂಂ" ಎಂದಷ್ಟೇ ಅಂದು, ಸ್ವಲ್ಪ ಹೊತ್ತು ಕೂತು, ಎದ್ದು ಒಳಗೆ ಹೋದರು. ಕೊರಳು ತಿಕ್ಕಿ ತೊಳೆದುಕೊಂಡು ತಿರುಗಿ ಬಂದರು. "ಬಂದ್ಯೇನಬೇ?" ಎಂದರು ಅಣ್ಣ. "ಯಾರ ಬಂದಿದ್ರು?" ಎಂದು ಕೇಳಿದರು ವೈನಿ. "ಯಾರೋ ಅಕ್ಕಾರು. ಹೆಸರ ಹೇಳಲಿಲ್ಲ."

ಆಮೇಲೆ ಆಕೆ ನಮ್ಮ ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತರು. ಅಳುವಾಗಲೂ ಸಿಟ್ಟೇ. "ಮದ್ವಿ ಆದಾಗಿಂದ 'ರಿ' ನಂದು, 'ಬೇ' ಅವರ್ದು. ಈಗ ಅವರs ನನಗ ರಿ ಅಂದ್ರ ನಾ ಏನ ಅನ್ಲಿ? ತುಂಬಿದ ಬಸ್ಸಿನ್ಯಾಗ ಟಿಕೆಟ್ ತಗೀಲಾರ್ದಾವನ್ನ ಹಿಂದಿನ ಬಾಗಲದಾಗ ನಿಂತ ಹಿಡಿತಿದ್ದ ಕಣ್ಣ ಅವು!" ಆ ಕಣ್ಣು ಹೋಗಿದೆ ಎಂದು ತನಗೆ ಗೊತ್ತಾದದ್ದು ಗಂಡನಿಗೆ ಗೊತ್ತಾಗಬಾರದು ಎಂದರು. ಗಂಡಸಿನ ಮರ್ಯಾದೆಯಂತೆ.

ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಹುಳ. ಅಣ್ಣ 'ಬೇ' ಎನ್ನುವಂಥ ಸೆಂಟು ಹುಡುಕಬೇಕು. ಲೈಬ್ರರಿ ಮುಗಿಸಿ ಪೇಟೆ ಸುತ್ತುವುದು, ಕೈಗೆ, ಮೊಣಕೈಗೆ, ಕರವಸ್ತ್ರಕ್ಕೆ ಒಂದೊಂದು ಥರದ್ದನ್ನು ಹೊಡೆಸಿಕೊಳ್ಳುವುದು, ತಲೆ ಹಿಡಿದುಕೊಂಡು ಬಸ್ ಹತ್ತುವುದು. ಪಕ್ಕದ ಸೀಟಿನ ಹೆಂಗಸರು ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಪೇಟೆಯ ಅತ್ತರಿನ ಚಾಚಾ ಒಬ್ಬರಂತೂ ಯಾವ ಬಾಟಲಿ ತೆಗೆದರೂ "ಇದು ಸೇಮ್ ಟು ಸೇಮ್ ಅದs ಐತ್ರಿ" ಎಂದು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. "ಚಾಚಾ, ನಿನ್ನೆ ಕೊಟ್ಟಿದ್ದೂ ಸೇಮ್ ಅಂದಿದ್ರಿ, ಇದೂ ಸೇಮ್ ಅಂದ್ರ ಅವೆರಡು ಯಾಕ ಸೇಮ್ ಇಲ್ರಿ?" ಎಂದು ಕೇಳಿದರೆ, "ಓದಿದಾವ್ರ ಕೂಡ ಇದs ತ್ರಾಸು" ಎಂದು ನಕ್ಕರು. ಆ ಎಲ್ಲ ವಾಸನೆ ಬಡಿದುಕೊಂಡು ಕಟ್ಟೆಯ ಮುಂದೆ ಹಾಯ್ದರೆ ಅಣ್ಣ, "ಇವತ್ತ ಭಾಳ ತಡಾ ಆತಲ್ಲ ತಂಗಿ" ಎನ್ನುತ್ತಿದ್ದರು.

ತಂದದ್ದು ಯಾವುದೂ ವೈನಿಯ ಮನಸ್ಸಿಗೆ ಬರುತ್ತಿರಲಿಲ್ಲ. ಒಂದು ಸಂಜೆ ಹಚ್ಚಿಕೊಳ್ಳುವರು, ಕಟ್ಟೆಯಲ್ಲಿ 'ರಿ' ಅನ್ನಿಸಿಕೊಳ್ಳುವರು, ಮರುದಿನ ಬಾಟಲಿ ನನ್ನ ಕೈಗೆ ತುರುಕುವರು. "ಇದು ದವಾಖಾನಿ ನೆಲಾ ಒರಸಿದ ವಾಸನಿ." "ಇದು ಹೊಸಾ ಬಸ್ಸಿನ ಸೀಟಿಂದು." "ಇದು ಲಗ್ನದ ಮನ್ಯಾಗ ಕುಡದ ಬಂದ ಬೀಗರ ವಾಸನಿ, ನೀನs ಇಟ್ಕೋ." ನನ್ನ ಕಪಾಟಿನ ಒಂದು ಅಂಕಣ ತುಂಬಿತು. ನಮ್ಮ ಮನೆಯವರು ನನಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಕೇಳಿದರು.

ನಡುವೆ ವೈನಿಯ ಮನೆಯಲ್ಲಿ ವಿಚಿತ್ರ ಬದಲಾವಣೆಗಳಾದವು. ಕಟ್ಟೆಯಿಂದ ಬಚ್ಚಲತನಕ ಸೊಂಟದ ಎತ್ತರಕ್ಕೆ ಒಂದು ಹಗ್ಗ ಬಂತು. "ಅರಬಿ ಒಣಾಕಾಕ" ಎಂದರು ವೈನಿ. ಅಷ್ಟು ಕೆಳಗೆ ಕಟ್ಟಿದ ಹಗ್ಗದ ಮೇಲೆ ಸೀರೆ ಹಾಕಿದರೆ ನೆಲ ಗುಡಿಸುತ್ತದೆ. ಅಣ್ಣ ಅದನ್ನು ಹಿಡಿದು ಓಡಾಡುತ್ತಿದ್ದರು, ಯಾಕೆಂದು ಕೇಳಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾಯಿತು. ಮುಂಜಾನೆ ರೇಡಿಯೋ ದೊಡ್ಡದಾಗಿ ಹಚ್ಚುವುದು ನಿಂತಿತು.

ಕೊನೆಗೂ ಬಬಲೇಶ್ವರಕ್ಕೆ ಒಂದು ಮದುವೆಗೆ ಹೋದಾಗ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಬಳೆ ಅಂಗಡಿಯ ಮೇಲಿನ ಹಲಗೆಯಲ್ಲಿ ನನಗೆ ಹಸಿರು ಮುಚ್ಚಳ ಕಂಡಿತು. ಧೂಳು ಹಿಡಿದಿತ್ತು. "ಅದನ್ನ ಯಾರೂ ಒಯ್ಯೂದಿಲ್ರಿ" ಎಂದ ಅಂಗಡಿಯವನು. ಅವನ ಕೈಯಿಂದ ಕಸಿದುಕೊಂಡಂತೆ ತೆಗೆದುಕೊಂಡೆ. ಊಟವನ್ನೂ ಅರ್ಧಕ್ಕೆ ಬಿಟ್ಟು ಬಸ್ ಹಿಡಿದು ಬಂದು ವೈನಿಯ ಮುಂದೆ ಇಟ್ಟೆ.

ವೈನಿ ಮುಚ್ಚಳ ತೆಗೆದು ಮೂಸಿದರು. ಕಣ್ಣು ಮುಚ್ಚಿದರು. ಆಮೇಲೆ ಮುಚ್ಚಳ ಬಿಗಿದು, ಸೀರೆಯ ಟ್ರಂಕಿನ ತಳಕ್ಕೆ ಇಟ್ಟು, "ಇದು ಇರ್ಲಿ. ನಾಳೆ ಬ್ಯಾರೆ ಯಾವ್ದರೆ ತಗೊಂಡ ಬಾ" ಎಂದರು.

ನನ್ನ ಸಹನೆ ಮುಗಿದೇ ಹೋಯಿತು. "ವೈನಿ, ನಿಮಗ ತಲಿ ಸರಿ ಐತಿಲ್ಲೋ? ಇದಕ್ಕಾಗಿ ಊರೂರು ತಿರಗೇನಿ. ನನ್ನ ಮೂಗs ಸತ್ತ ಹೋಗೇತಿ. ಈಗ ಸಿಕ್ಕೈತಿ, ಹಚ್ಕೋರಿ!"

"ಕೂಗಬ್ಯಾಡ, ಕುಂದ್ರು" ಎಂದರು ವೈನಿ. "ಇದನ್ನ ಹಚ್ಚಿದ್ರ ನಾ ಹೆಣ್ತಿ. ಹೆಣ್ತಿ ಮುಂದ ಅವರು ಏನೂ ಹೇಳೂದಿಲ್ಲ. ಬ್ಯಾರೇದು ಹಚ್ಚಿದ್ರ ಯಾರೋ ಅಕ್ಕಾರು. ಆಕಿ ಮುಂದ ಎಲ್ಲಾ ಹೇಳ್ತಾರ. ಬಚ್ಚಲಕ್ಕ ಹೋಗುಮುಂದ ಗ್ವಾಡಿ ಕೈಗೆ ಸಿಗೂದಿಲ್ಲ, ಅಂಜಿಕಿ ಬರ್ತೈತಿ ಅಂದ್ರು. ಹಗ್ಗ ಕಟ್ಟಿದೆ. ಉಪ್ಪು, ರೇಡಿಯೋ ಎಲ್ಲಾ ಹಂಗs ತಿಳದದ್ದು. ಕನಸಿನ್ಯಾಗ ಕಣ್ಣ ಕಾಣಸ್ತಾವಂತ, ಎಚ್ಚರಾದಾಗ ಭಾಳ ತ್ರಾಸ ಆಕ್ಕೈತಂತ. ಇಷ್ಟ ವರ್ಷದಾಗ ನನ್ನ ಮುಂದ ಇಷ್ಟ ಮಾತಾಡಿಲ್ಲ ಅವರು. ಒಂದ ವಾಸನಿ ಎರಡ ಸಲ ತಗೊಂಡ್ರ ಗುರ್ತ ಸಿಕ್ಕೀತು ಅಂತ ಹೊಸಾದು ಕೇಳ್ತೇನಿ. ನಿನಗ ತರಾಕ ಬ್ಯಾಸರ ಆದ್ರ ಹೇಳು."

"ದನಿಗೆ ಗುರ್ತ ಸಿಗೂದಿಲ್ಲೇನ್ರಿ?"

"ನಾ ಬರೇ ಹ್ಞೂಂ ಅಂತೇನಿ. ಹ್ಞೂಂ ಅಂದ್ರ ಯಾರ ದನಿ ಅಂತ ಹೆಂಗ ಗೊತ್ತಾಕ್ಕೈತಿ?"

ಮರುದಿನ ಮತ್ತೊಂದು ಸೆಂಟು ತಂದೆ. ಬೈದುಕೊಳ್ಳುತ್ತ ತಂದೆ. ಚಾಚಾನ 'ಸೇಮ್ ಟು ಸೇಮ್' ಕೇಳುತ್ತ, 'ಸೇಮ್ ಇಲ್ಲದ್ದು ಕೊಡ್ರಿ' ಎಂದು ಅವರನ್ನು ದಂಗುಬಡಿಸಿ ತಂದೆ.

ಹೋದ ವರ್ಷ ಶೆಡ್ಡಿನ ಹಂಗಾಮು ಮುಗಿಯುವ ಹೊತ್ತಿಗೆ ವೈನಿಗೆ ಎದೆನೋವು ಬಂತು. ಕಾಖಂಡಕಿಗೆ ಕೊಟ್ಟ ಮಗಳು ಅಳಿಯ ದವಾಖಾನೆಗೆ ಒಯ್ಯಲು ಗಾಡಿ ತಂದರು. ವೈನಿ ನನ್ನನ್ನು ಕರೆದು ಟ್ರಂಕಿನ ತಳದಿಂದ ಹಸಿರು ಮುಚ್ಚಳದ್ದನ್ನು ತೆಗೆಸಿದರು. ಆ ನೋವಿನಲ್ಲೂ ಬಲಗಿವಿಯ ಕೆಳಗೆ, ಆ ಕಲೆಯ ಮೇಲೆಯೇ, ಒತ್ತಿಕೊಂಡರು. ಮಗಳ ತೋಳು ಹಿಡಿದು ಕಟ್ಟೆಗೆ ಬಂದರು.

"ಎಲ್ಲಿ ಹೊಂಟೀಯಬೇ?" ಎಂದರು ಅಣ್ಣ.

"ಇಲ್ಲೇ ಬಿಜಾಪುರಕ್ರಿ. ಬರ್ತೇನಿ."

ಬರಲಿಲ್ಲ. ಮರುದಿನ ಆಕೆಯನ್ನು ತಂದರು.

ದಿನಕರ್ಮಗಳೆಲ್ಲ ಮುಗಿದ ಮೇಲೆ, ಮಗಳು ಅಪ್ಪನ ಜೊತೆ ಇಲ್ಲಿಯೇ ಉಳಿದಳು. ಒಂದು ಸಂಜೆ ನಾನು ಬಸ್ಸಿಳಿದು ಬರುವಾಗ ಅಣ್ಣ ಕರೆದರು. "ತಂಗಿ, ಈಗ ಸೆಂಟ ತರೂದ ಬಿಟ್ಟೀಯೇನು?"

ನಾನು ಕಟ್ಟೆಯ ಹತ್ತಿರ ಹೋದೆ. "ನಿಮಗ ಗೊತ್ತಿತ್ತೇನ್ರಿ ಅಣ್ಣಾ?"

"ನೀ ದಿನಾ ಕೈ ತುಂಬ ಥರಾವರಿ ವಾಸನಿ ಬಡ್ಕೊಂಡ ಬರ್ತಿದ್ದಿ. ನಿನಗ ಒಂದ ದಿನಾರೆ ನಾ ರಿ ಅಂದೇನಿ ಏನು? ತಂಗಿ ಹೆಜ್ಜಿ ಗೊತ್ತಾಕ್ಕೈತಿ, ಹೆಣ್ತಿ ಕಾಲುಂಗರದ ಸಪ್ಪಳ ಗೊತ್ತಾಗೂದಿಲ್ಲೇನು?"

ಹೌದಲ್ಲ! ಅಷ್ಟು ದಿನ ಅವರು ನನಗೆ 'ತಂಗಿ' ಎನ್ನುತ್ತಲೇ ಇದ್ದರು. ಅದು ನನಗೂ ಹೊಳೆಯಲಿಲ್ಲ, ವೈನಿಗೂ ಹೊಳೆಯಲಿಲ್ಲ. ದುಃಖಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಆ ಬಸ್ಸುಗಳು, ಆ ತಲೆನೋವು, ಆ ಚಾಚಾ!

"ಹಂಗಾರ ವೈನಿಗ್ಯಾಕ 'ಅಕ್ಕಾರ' ಅಂದ್ರಿ?"

ಅಣ್ಣ ಗೋಡೆಯ ಕಡೆಯ ಖಾಲಿ ಜಾಗದ ಮೇಲೆ ಕೈಯಾಡಿಸಿದರು. "ಕಣ್ಣ ಹೋಗ್ಯಾವ ಅಂತ ಹೆಣ್ತಿ ಮುಂದ ಹೆಂಗ ಹೇಳೂದು? ದಿನಾ ಹೇಳಬೇಕಂತಿದ್ದೆ, ಬಾಯಿ ಬರ್ತಿರಲಿಲ್ಲ. ಆವತ್ತ ಬ್ಯಾರೆ ವಾಸನಿ ಬಂತು. ಯಾರಿಗೋ ಹೇಳಿದಂಗ ಹೇಳಿಬಿಟ್ಟೆ. ಆಕಿ ಹ್ಞೂಂ ಅಂದ್ಲು. ಆಮ್ಯಾಲೆ ಹೊಸಾ ವಾಸನಿ ಬಂದಾಗೊಮ್ಮೆ ಹೇಳಕೋತ ಹೋದೆ."

"ನಿಮಗ ಗೊತ್ತೈತಿ ಅಂತ ವೈನಿಗೆ ಗೊತ್ತಿತ್ತೇನ್ರಿ?"

"ಯಾರಿಗ್ಗೊತ್ತು. ಗೊತ್ತಿದ್ರೂ ಹೇಳೂ ಹೆಂಗಸಲ್ಲ."

ನಾನು ಅವರ ಕೂಡ ಕೆಲವು ದಿನ ಸರಿಯಾಗಿ ಮಾತಾಡಲಿಲ್ಲ. ಗಂಡ ಹೆಂಡತಿ ಸೇರಿ ನನ್ನನ್ನು ಕುಣಿಸಿದರು ಎಂದೇ ಅನ್ನಿಸುತ್ತಿತ್ತು. ಕಪಾಟಿನಲ್ಲಿ ವೈನಿ ಒಲ್ಲೆನೆಂದ ಬಾಟಲಿಗಳು ಸಾಲಾಗಿ ಕೂತಿವೆ. ಚೆಲ್ಲಲು ಮನಸ್ಸಿಲ್ಲದೆ ದಿನಕ್ಕೊಂದನ್ನು ನಾನೇ ಹಚ್ಚುತ್ತೇನೆ. ಆಕೆ ಇಟ್ಟ ಹೆಸರು ಖರೆ. ದವಾಖಾನೆಯದು ದವಾಖಾನೆಯದೇ, ಬೀಗರದು ಬೀಗರದೇ.

ಮೊನ್ನೆ ಬಸ್ ಸೀಟಿನ ವಾಸನೆಯದನ್ನು ಹಚ್ಚಿಕೊಂಡು ಸಂಜೆ ಅವರ ಮನೆಗೆ ಒಂದು ವಾಟಗಾ ಪಲ್ಯ ಕೊಡಲು ಹೋದೆ. ಮಗಳು ಒಳಗಿದ್ದಳು. ಅಣ್ಣ ಹೆಜ್ಜೆ ಸಪ್ಪಳ ಕೇಳಿದರು. 'ಬಂದ್ಯೇನ ತಂಗಿ' ಎನ್ನಬೇಕಾದವರು ಮೂಗೆತ್ತಿ ವಾಸನೆ ತೆಗೆದುಕೊಂಡರು. ಆಮೇಲೆ ಪಂಚೆ ಸರಿ ಮಾಡಿಕೊಂಡು ಜಾಗ ಬಿಟ್ಟರು.

"ಬರ್ರಿ ಅಕ್ಕಾರ, ಕುಂದರ್ರಿ" ಎಂದರು. "ಮಗಳ ಮುಂದ ಅನ್ನಬ್ಯಾಡ್ರಿ ಮತ್ತ."

ನಾನು ಗೋಡೆಯ ಕಡೆ ಕೂತೆ. "ಹ್ಞೂಂ" ಎಂದೆ.