ಡಾಕ್ಟರ ಕೆಂಪು ಜಾಕೆಟ್ಟು ಏರಿದ ಶಿಖರ

ಇಂಗ್ಲೆಂಡಿನ ಲೀಡ್ಸ್ ಊರಿನ ಹೆಡಿಂಗ್ಲಿ ಬಡಾವಣೆಯಲ್ಲಿ ಜಿಪಿ, ಅಂದರೆ ಸಾಮಾನ್ಯ ವೈದ್ಯರಾಗಿರುವ ಡಾಕ್ಟರ್ ಉಮಾಶಂಕರ ಹಿಮಾಲಯಕ್ಕೆ ಹೊರಟಾಗ ಯಾರ್ಕ್‌ಷೈರಿನ ಗುಡ್ಡಗಳೆಲ್ಲ ಉಸ್ಸೆಂದು ಉಸಿರುಬಿಟ್ಟವು. ವರ್ಷವಿಡೀ ತುಳಿದೂ ತುಳಿದೂ ಅವರು ಒಂದೆರಡನ್ನು ಮೈದಾನವೇ ಮಾಡಿಬಿಟ್ಟಿದ್ದರು. ಮಂಡಿನೋವೆಂದು ಬಂದ ರೋಗಿಗೂ ಲಡಾಖಿನ ನಕ್ಷೆ ತೋರಿಸುತ್ತಿದ್ದರು. "ಎತ್ತರದಲ್ಲಿ ತಲೆನೋವು ಬಂದರೆ ಮುಚ್ಚಿಡಬಾರದು" ಎಂದು ಕನ್ನಡ ಕೂಟದಲ್ಲಿ ಉಪನ್ಯಾಸವನ್ನೂ ಕೊಟ್ಟರು. ಹೆಂಡತಿ ಚಂದ್ರಿಕಾ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಗಂಡ ಮಾತ್ರೆ ನುಂಗಲು ಮರೆಯುತ್ತಾರೆಂದು ಅವರೂ ಜೊತೆಗೆ ಹೊರಟರು.

ಅವರು ಆರಿಸಿಕೊಂಡದ್ದು ಲಡಾಖಿನ ಆರು ಸಾವಿರ ಮೀಟರಿನ ಒಂದು ಶಿಖರ, ತೀರಾ ಕಷ್ಟದ್ದೇನಲ್ಲ. ಬುಡ ಸೇರಲು ಮಾತ್ರ ದಿನಗಟ್ಟಲೆ ನಡೆಯಬೇಕು. ದಾರಿಯಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚು. ಕೊನೆಯ ಕ್ಯಾಂಪಿನಲ್ಲಿ ಡಾಕ್ಟರ ತಲೆ ಹಿಟ್ಟಿನ ಗಿರಣಿಯಾಯಿತು. ಮುಚ್ಚಿಟ್ಟರು. ಆಮೇಲೆ ಟೆಂಟಿನ ಬಾಗಿಲಲ್ಲಿ ಮಾಡಿದ ವಾಂತಿಗೆ ಕೆಳಗಿನ ಹಿಮನದಿ ತನ್ನ ದಾರಿಯನ್ನೇ ಬದಲಿಸಿತಂತೆ. ಗೈಡು ಅವರನ್ನು ಅಲ್ಲೇ ಮಲಗಿಸಿದ. ತಾನೂ ಉಳಿಯುತ್ತೇನೆಂದ ಚಂದ್ರಿಕಾಗೆ, "ನೀನಾದ್ರೂ ಹೋಗಿ ಬಾ" ಎಂದು ಡಾಕ್ಟರೇ ತಮ್ಮ ಕೆಂಪು ಜಾಕೆಟ್ಟು ಬಿಚ್ಚಿ ತೊಡಿಸಿದರು. ಅಷ್ಟರಮಟ್ಟಿಗೆ ಒಳ್ಳೆಯವರೇ.

ಚಂದ್ರಿಕಾ ಗೈಡಿನ ಹಗ್ಗಕ್ಕೆ ಬಿಗಿದುಕೊಂಡು ಹಿಮದ ಏರು ಹತ್ತಿ, ತುದಿ ಮುಟ್ಟಿ ಬಂದರು. ಲೇಹ್‌ಗೆ ಇಳಿದು ಸಿಗ್ನಲ್ ಸಿಕ್ಕಿದ್ದೇ, ತುದಿಯಲ್ಲಿ ನಿಂತ ಹೆಂಡತಿಯ ಫೋಟೋವನ್ನು ಡಾಕ್ಟರು ಹೆಮ್ಮೆಯಿಂದಲೇ ಕೂಟದ ವಾಟ್ಸಾಪಿಗೆ ಹಾಕಿದರು. ಮುಖಕ್ಕೆ ಕಪ್ಪು ಕನ್ನಡಕ, ಮಫ್ಲರು, ಕಾಣುವುದು ಜಾಕೆಟ್ಟೊಂದೇ. ಲೀಡ್ಸಿನ ಕನ್ನಡಿಗರಿಗೆಲ್ಲ ಅದು ಯಾರದೆಂದು ಗೊತ್ತು.

"ಡಾಕ್ಟ್ರೇ, ಸೂಪರ್!" "ಕನ್ನಡದ ಹುಲಿ!" ಎಂದು ಮೆಸೇಜುಗಳು ಸುರಿದವು.

ತಿದ್ದಲೆಂದೇ ಡಾಕ್ಟರು ಬೆರಳೆತ್ತಿದರು. ಬೆರಳು ಹೋಗಿ ಕೈಮುಗಿದ ಚಿತ್ರವನ್ನು ಒತ್ತಿತು.

"ನೀವು ಹೇಳ್ತೀರೋ, ನಾನೇ ಹೇಳ್ಲೋ?" ಎಂದರು ಚಂದ್ರಿಕಾ.

"ಊರಿಗೆ ಹೋಗಿ ನಾನೇ ಹೇಳ್ತೀನಿ ಮಾರಾಯ್ತಿ."

ಲೀಡ್ಸಿಗೆ ಬಂದರೆ ಕೂಟದ ರಾಜ್ಯೋತ್ಸವದಲ್ಲಿ ಸನ್ಮಾನ ನಿಗದಿಯಾಗಿತ್ತು. ಇಂದು, ನಾಳೆ ಎನ್ನುತ್ತಲೇ ಡಾಕ್ಟರು ವೇದಿಕೆಯ ಮೇಲಿದ್ದರು: ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಊಟ ಬಡಿಸುವ ಸರದಿ ಪಟ್ಟಿಯಲ್ಲಿ ಅಂದು ಚಂದ್ರಿಕಾ ಹೆಸರಿತ್ತು. ಅವರು ಸಭಾಂಗಣದ ಹಿಂಬದಿಯಲ್ಲಿ ಸೌಟು ಹಿಡಿದು ನಿಂತಿದ್ದರು.

"ತುದೀಲಿ ನಿಂತಾಗ ಹೇಗನ್ನಿಸ್ತು ಸರ್?" ಎಂದು ಕಾರ್ಯದರ್ಶಿ ಪ್ರಶಾಂತ್ ಮೈಕು ಚಾಚಿದರು.

"ಹೇಳ್ರೀ, ನಂಗೂ ಕೇಳೋ ಆಸೆ," ಎಂದಿತು ಹಿಂದಿನಿಂದ ಚಂದ್ರಿಕಾ ದನಿ.

ಸಭೆ ನಕ್ಕಿತು. ಡಾಕ್ಟರು ಬೆವರಿದ ರಭಸಕ್ಕೆ ಮೊದಲ ಸಾಲಿನವರು ಕಾಲು ಮೇಲೆತ್ತಿ ಕೂರಬೇಕಾಯಿತು.

"ನಾನು ಹತ್ಲಿಲ್ಲ. ವಾಂತಿ ಮಾಡ್ಕೊಂಡು ಟೆಂಟಲ್ಲಿ ಬಿದ್ದಿದ್ದೆ. ಹತ್ತಿದ್ದು ಚಂದ್ರಿಕಾ. ಫೋಟೋದಲ್ಲಿ ಇರೋದೂ ಅವಳೇ."

ಪ್ರಶಾಂತ್ ಕಣ್ಣೊರೆಸಿಕೊಂಡರು. "ನೋಡಿದ್ರಾ ವಿನಯ! ಶ್ರೇಯಸ್ಸೆಲ್ಲ ಮಡದಿಗೆ!"

"ಅಲ್ಲಪ್ಪಾ, ನಿಜವಾಗ್ಲೂ..."

"ಸಾಕು ಸರ್, ಇನ್ನೆಷ್ಟು ದೊಡ್ಡೋರಾಗ್ತೀರಿ!"

ಚಪ್ಪಾಳೆಗೆ ಮ್ಯಾಂಚೆಸ್ಟರಿನ ಕಿಟಕಿಗಳೂ ಅದುರಿದವು. ಆ ಗದ್ದಲದಲ್ಲಿ, ಅಯ್ಯೋ, ಡಾಕ್ಟರ ಎದೆ ಬೆರಳಗಲ ಉಬ್ಬಿತು. ಉಬ್ಬಿದ್ದು ಅವರಿಗೇ ತಿಳಿಯಿತು. ಟೆಂಟಿನಲ್ಲಿ ಬಿದ್ದಾಗಲೂ ಆಗದ ನಾಚಿಕೆ ಆಗ ಆಯಿತು. ಚಂದ್ರಿಕಾ ತಲೆ ತಗ್ಗಿಸಿ ಬಿಸಿಬೇಳೆ ಬಾತ್ ಕಲಕುತ್ತಿದ್ದರು.

"ಹೇಳಿದ್ನಲ್ಲ," ಎಂದರು ಡಾಕ್ಟರು ಕಾರಿನಲ್ಲಿ, ಸಣ್ಣ ದನಿಯಲ್ಲಿ.

"ಹೇಳಿದ್ರಿ. ಲೇಹ್‌ನಲ್ಲೇ ಹೇಳಿದ್ರೆ ನಂಬ್ತಿದ್ರು."

ಡಾಕ್ಟರು ಪೇಟ ತೆಗೆಯಲು ಹೋದರು.

"ಇರ್ಲಿ ಬಿಡಿ," ಎಂದರು ಚಂದ್ರಿಕಾ, ಕನ್ನಡಿ ನೋಡುತ್ತ ಕಾರನ್ನು ಹಿಂದಕ್ಕೆ ತೆಗೆದು. "ನಿಮ್ಮ ತಲೆ ಅಳತೆಗೇ ಮಾಡ್ಸಿದಾರೆ."